ಗ್ರೀಕ್ ದೇವರುಗಳ ಪ್ರೇಮ, ಗ್ರೀಕ್ ಹೆಣ್ಣುಗಳ ಒಪ್ಪಿಗೆ: ಒಂದು ಪ್ರಶ್ನೆ

ಪ್ರಶ್ನೆ: ಕುತೂಹಲಿ

ಕೆಲವು ತಿಂಗಳಿಂದ ಗ್ರೀಕ್ ಪುರಾಣಕಥೆಗಳನ್ನು ಬಿಡದೆ ಓದುತ್ತಿದ್ದೇನೆ. ಓದುತ್ತ ಹೋದಂತೆ ಒಂದು ಸಂಶಯ ಬಲವಾಗುತ್ತಿದೆ. ದೇವರೊಬ್ಬ ಹೆಣ್ಣನ್ನು ಪ್ರೀತಿಸಿದನೆಂದು ಕಥೆ ಹೇಳುವ ಕಡೆಗಳಲ್ಲೆಲ್ಲ ನಿಜವಾಗಿ ನಡೆಯುವುದು ಬೆನ್ನಟ್ಟುವುದು, ರೂಪ ಮರೆಸಿಕೊಂಡು ಬರುವುದು, ಇಲ್ಲವೇ ಹೊತ್ತೊಯ್ಯುವುದು. ದೇವರುಗಳ ದೊರೆ ಜ್ಯೂಸ್ ಯೂರೋಪಾಳ ಬಳಿಗೆ ಗೂಳಿಯಾಗಿ ಬರುತ್ತಾನೆ, ಸೆರೆಯಲ್ಲಿದ್ದ ಡನೇಯ ಮೇಲೆ ಚಿನ್ನದ ಮಳೆಯಾಗಿ ಸುರಿಯುತ್ತಾನೆ. ಪಾತಾಳದ ಒಡೆಯ ಹೇಡಿಸ್ ಹೂ ಕೊಯ್ಯುತ್ತಿದ್ದ ಪರ್ಸೆಫೊನಿಯನ್ನು ರಥಕ್ಕೆ ಹಾಕಿಕೊಂಡು ಪಾತಾಳಕ್ಕೆ ಇಳಿಯುತ್ತಾನೆ. ಕಡಲ ದೇವರು ಪೊಸೈಡನ್ ಮಾಡಿದ ತಪ್ಪಿಗೆ ದೇವತೆ ಅಥೀನಾ ಮೆಡೂಸಾಳ ಕೂದಲನ್ನು ಹಾವುಗಳನ್ನಾಗಿ ಮಾಡುತ್ತಾಳೆ.

ಇದೇ ದೇವರುಗಳಿಗೆ ಅದೇ ಜನ ಅಮೃತಶಿಲೆಯ ಗುಡಿಗಳನ್ನು ಕಟ್ಟಿದರು, ಹೆಂಗಸರೂ ಅಲ್ಲಿಗೆ ಹೋಗಿ ಹರಕೆ ಒಪ್ಪಿಸಿದರು. ಈ ಕಥೆಗಳಲ್ಲಿ ಏನೋ ತಪ್ಪಿದೆ ಎಂದು ಆ ಕಾಲದಲ್ಲಿ ಯಾರಿಗೂ ಅನ್ನಿಸಲಿಲ್ಲವೇ? ಅಥವಾ ಇಲ್ಲಿ ಕಸಿವಿಸಿ ಪಡುವುದು ಇಂದಿನ ಓದುಗರಾದ ನಮ್ಮ ರೋಗವೇ? ಅಥೆನ್ಸಿನ ಹುಡುಗಿಯರಿಗೆ ಹದಿನಾಲ್ಕು ಹದಿನೈದರ ವಯಸ್ಸಿಗೆ ಮದುವೆಯಾಗುತ್ತಿತ್ತೆಂದೂ ಓದಿದೆ. ಆ ಬದುಕಿಗೂ ಈ ಕಥೆಗಳಿಗೂ ನಂಟೇನಾದರೂ ಇದೆಯೇ ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ: ಹಳೆಯ ಓಲೆ

ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ನೀವು ಸಾಲಾಗಿ ನಿಲ್ಲಿಸಿರುವ ಕಥೆಗಳು ಒಂದೇ ಕಾಲದವಲ್ಲ, ಎಲ್ಲವೂ ಗ್ರೀಕರು ಹೇಳಿದವೂ ಅಲ್ಲ. ಮೆಡೂಸಾಳ ಕಥೆಯನ್ನೇ ನೋಡಿ. ಅಥೀನಾಳ ಗುಡಿಯೊಳಗೆ ನಡೆದ ಬಲಾತ್ಕಾರ, ಆಮೇಲೆ ತಪ್ಪಿಲ್ಲದವಳಿಗೇ ಬಂದ ಶಿಕ್ಷೆ ಎಂಬ ರೂಪ ನಮಗೆ ಸಿಗುವುದು ರೋಮಿನ ಕವಿ ಓವಿಡ್‌ನಲ್ಲಿ, ಅಂದರೆ ಕ್ರಿ.ಶ. 8ರ ಸುಮಾರಿಗೆ, ಲ್ಯಾಟಿನ್ ಭಾಷೆಯಲ್ಲಿ. ಅವನಿಗಿಂತ ಏಳು ಶತಮಾನ ಹಿಂದಿನ ಗ್ರೀಕ್ ಕವಿ ಹೆಸಿಯಡ್‌ನಲ್ಲಿ ಮೆಡೂಸಾ ಗೋರ್ಗನ್ ಎಂಬ ಮೂವರು ರಾಕ್ಷಸಿ ಸೋದರಿಯರಲ್ಲಿ ಸಾವುಳ್ಳ ಒಬ್ಬಳು. ಪೊಸೈಡನ್ ಅವಳೊಂದಿಗೆ ಮೆತ್ತನೆಯ ಹುಲ್ಲುಗಾವಲಿನಲ್ಲಿ, ವಸಂತದ ಹೂಗಳ ನಡುವೆ ಮಲಗಿದನೆಂದು ಮಾತ್ರ ಅವನು ಹೇಳಿ ಮುಂದೆ ಹೋಗುತ್ತಾನೆ. ಗುಡಿಯೂ ಇಲ್ಲ, ಶಿಕ್ಷೆಯೂ ಇಲ್ಲ. ಈರೋಸ್ ಮತ್ತು ಸೈಕಿಯ ಪ್ರೇಮಕಥೆಯನ್ನು ಗ್ರೀಕ್ ಪ್ರೇಮದ ಮಾದರಿಯೆಂದು ಎಷ್ಟೋ ಜನ ಎತ್ತಿ ಹೇಳುತ್ತಾರೆ. ಅದು ಕೂಡ ನಮಗೆ ಬಂದಿರುವುದು ಕ್ರಿ.ಶ. 2ನೇ ಶತಮಾನದ ಅಪುಲಿಯಸ್‌ನ ಲ್ಯಾಟಿನ್ ಗದ್ಯದಿಂದ. ಹಾಗಾಗಿ "ಗ್ರೀಕರು ಏನೆಂದುಕೊಂಡರು" ಎಂದು ಕೇಳುವ ಮೊದಲು ಯಾವ ಕಥೆಯನ್ನು ಯಾರು, ಯಾವಾಗ ಹೇಳಿದರು ಎಂದು ನೋಡುವುದು ಒಳ್ಳೆಯದು.

ಇನ್ನೊಂದು ತೊಡಕು ಮಾತಿನದು. ‘ಈರೋಸ್’ ಎಂಬುದನ್ನು ನಾವು ಪ್ರೇಮ ಎಂದು ಅನುವಾದಿಸಿಬಿಡುತ್ತೇವೆ. ಹೆಸಿಯಡ್‌ನ ಪ್ರಕಾರ ಈರೋಸ್ ಸೃಷ್ಟಿಯ ಮೊದಲ ಶಕ್ತಿಗಳಲ್ಲಿ ಒಬ್ಬ, ಮೈಯ ಕೀಲುಗಳನ್ನು ಸಡಿಲಿಸುವವನು, ದೇವರು ಮನುಷ್ಯರೆಲ್ಲರ ವಿವೇಕವನ್ನು ಸೋಲಿಸುವವನು. ಕನ್ನಡದಲ್ಲಿ ಅದಕ್ಕೆ ಹತ್ತಿರವಾದದ್ದು ಮೋಹ ಅಥವಾ ಕಾಮವೇ ಹೊರತು ಒಲವಲ್ಲ. ಒಲವು, ನಂಟು, ನೆಚ್ಚಿಕೆಗಳಿಗೆ ಅವರು ‘ಫಿಲಿಯಾ’ ಎಂಬ ಬೇರೆಯ ಮಾತನ್ನು ಬಳಸುತ್ತಿದ್ದರು. ಈರೋಸ್ ಹಿಡಿದವನು ಒಳ್ಳೆಯವನಾಗುತ್ತಾನೆ ಎಂಬ ನಿರೀಕ್ಷೆ ಹಳೆಯ ಕಾವ್ಯದಲ್ಲಿ ಬಹುಮಟ್ಟಿಗೆ ಇಲ್ಲ. ಅದು ಜ್ವರದಂತೆ ಬಂದು ಏರುವ ಸಂಗತಿ.

ಉತ್ತರ: ಸಂಜೆಗಡಲು

ಕಾಲಕ್ರಮದ ಮಾತನ್ನು ಒಪ್ಪುತ್ತೇನೆ. ಆದರೆ ಪರ್ಸೆಫೊನಿಯ ಕಥೆ ಖಂಡಿತವಾಗಿ ಗ್ರೀಕರದು, ಹಳೆಯದು, ಪ್ರಶ್ನೆಯ ತಿರುಳಿರುವುದೂ ಅಲ್ಲಿಯೇ. ಅವಳ ತಾಯಿ, ಬೆಳೆಯ ದೇವತೆ ಡಿಮೀಟರಳನ್ನು ಕುರಿತ ಹೋಮರೀಯ ಸ್ತೋತ್ರವನ್ನು ನಿಧಾನವಾಗಿ ಓದಿದರೆ ಅದು ಬರಿಯ ಅಪಹರಣದ ಕಥೆಯಲ್ಲವೆಂದು ತಿಳಿಯುತ್ತದೆ. ಮೊದಲ ಸಾಲುಗಳಲ್ಲಿಯೇ ಕವಿ ಒಂದು ಮಾತನ್ನು ಸ್ಪಷ್ಟಪಡಿಸುತ್ತಾನೆ: ಹೇಡಿಸ್ ಹುಡುಗಿಯನ್ನು ಒಯ್ದದ್ದು ನಿಜ, ಆದರೆ ಅವಳನ್ನು ಕೊಟ್ಟವನು ಜ್ಯೂಸ್, ಅಂದರೆ ಅವಳ ತಂದೆ. ಅವಳನ್ನು ಸೆಳೆಯಲು ನೂರು ಹೂ ಬಿಟ್ಟ ನಾರ್ಸಿಸಸ್ ಗಿಡವನ್ನು ಭೂಮಿ ಚಿಗುರಿಸಿದ್ದೂ ಅವನ ಇಚ್ಛೆಯಂತೆಯೇ. ನೆಲ ಬಿರಿದು ರಥ ಮೇಲೆದ್ದಾಗ ಹುಡುಗಿ ಯಾರನ್ನು ಕೂಗಿ ಕರೆಯುತ್ತಾಳೆ? ಆ ತಂದೆಯನ್ನೇ. ತಾಯಿಗೆ ಯಾರೂ ಏನನ್ನೂ ಹೇಳಿರಲಿಲ್ಲ. ಅವಳು ಒಂಬತ್ತು ದಿನ ಉಣ್ಣದೆ, ಮೀಯದೆ, ಪಂಜು ಹಿಡಿದು ಅಲೆಯುತ್ತಾಳೆ. ಕೊನೆಗೆ ಎಲ್ಲವನ್ನೂ ಕಂಡಿದ್ದ ಸೂರ್ಯದೇವ ಹೀಲಿಯಸ್ ನಿಜ ತಿಳಿಸುತ್ತಾನೆ. ತಿಳಿಸಿ, ಅತ್ತು ಪ್ರಯೋಜನವಿಲ್ಲ, ಹೇಡಿಸ್ ನಿನ್ನ ಸ್ವಂತ ತಮ್ಮ, ದೊಡ್ಡ ಪಾಲಿನ ಒಡೆಯ, ಅಳಿಯನೇನೂ ಕಡಿಮೆಯವನಲ್ಲ ಎಂದು ಸಮಾಧಾನ ಹೇಳುತ್ತಾನೆ.

ಈಗ ಇದರ ಪಕ್ಕದಲ್ಲಿ ಅಥೆನ್ಸಿನ ಮದುವೆಯ ಕಟ್ಟಳೆಯನ್ನು ಇಟ್ಟು ನೋಡಿ. ‘ಎಂಗುಯೆ’ ಎನ್ನುವ ನಿಶ್ಚಿತಾರ್ಥ ಹುಡುಗಿಯ ತಂದೆಗೂ ಗಂಡಿಗೂ ನಡುವೆ ಆಗುವ ಒಪ್ಪಂದ. ಸಕ್ರಮವಾದ ಮಕ್ಕಳ ಬಿತ್ತನೆಗಾಗಿ ಈಕೆಯನ್ನು ನಿನಗೆ ಕೊಡುತ್ತೇನೆ ಎಂಬ ಅರ್ಥದ ಮಾತನ್ನು ಮೆನಾಂಡರನ ನಾಟಕಗಳಲ್ಲಿ ತಂದೆ ಆಡುತ್ತಾನೆ. ಹುಡುಗಿಯ ಒಪ್ಪಿಗೆ ಕಾನೂನಿಗೆ ಬೇಕಿರಲಿಲ್ಲ. ಜೀವನವಿಡೀ ಅವಳಿಗೆ ‘ಕ್ಯೂರಿಯಸ್’ ಎಂಬ ಗಂಡು ಪಾಲಕನಿರುತ್ತಿದ್ದ: ಮೊದಲು ತಂದೆ, ಆಮೇಲೆ ಗಂಡ, ಅವನು ಸತ್ತರೆ ಮಗ ಅಥವಾ ಹತ್ತಿರದ ಬಂಧು. ಗಂಡಿನ ವಯಸ್ಸು ಸಾಮಾನ್ಯವಾಗಿ ಮೂವತ್ತರ ಹತ್ತಿರ. ಜೆನೊಫನ್ ಬರೆದ ಮನೆವಾರ್ತೆಯ ಸಂವಾದದಲ್ಲಿ ಇಸ್ಕೊಮಾಕಸ್ ಎಂಬವನು, ತನ್ನ ಹೆಂಡತಿ ಮನೆಗೆ ಬಂದಾಗ ಅವಳಿಗೆ ಇನ್ನೂ ಹದಿನೈದು ತುಂಬಿರಲಿಲ್ಲವೆಂದೂ, ಅಲ್ಲಿಯವರೆಗೆ ಅವಳು ಆದಷ್ಟು ಕಡಿಮೆ ನೋಡಲಿ, ಕಡಿಮೆ ಕೇಳಲಿ ಎಂದು ಕಾಪಾಡಿ ಬೆಳೆಸಿದ್ದರೆಂದೂ ಹೆಮ್ಮೆಯಿಂದ ಹೇಳುತ್ತಾನೆ. ಹೀಗಿರುವಾಗ ಹೇಡಿಸ್ ಮಾಡಿದ್ದು ಆ ಊರಿನ ಹೆಂಗಸರಿಗೆ ಯಾವುದೋ ಲೋಕದ ವಿಚಿತ್ರ ಸಂಗತಿಯಾಗಿ ಕಂಡಿರಲಾರದು. ತಂದೆ ಕೊಟ್ಟ, ಗಂಡು ಒಯ್ದ, ತಾಯಿ ಆಮೇಲೆ ಸುದ್ದಿ ಕೇಳಿದಳು. ಅವರಲ್ಲಿ ಎಷ್ಟೋ ಜನ ಹಾದುಬಂದ ದಾರಿಯೇ ಅದು.

ಸ್ತೋತ್ರದ ವಿಶೇಷವೆಂದರೆ ಅದು ತಾಯಿಯ ದುಃಖವನ್ನು ಸಮಾಧಾನದ ಮಾತಿನಿಂದ ಮುಚ್ಚುವುದಿಲ್ಲ. ಡಿಮೀಟರ್ ಬೀಜ ಮೊಳೆಯದಂತೆ ಮಾಡುತ್ತಾಳೆ. ಬೆಳೆ ನಿಂತರೆ ಮನುಷ್ಯರಿಲ್ಲ, ಮನುಷ್ಯರಿಲ್ಲದಿದ್ದರೆ ಬಲಿಯಿಲ್ಲ. ಆಗ ಜ್ಯೂಸನೇ ಮಣಿಯಬೇಕಾಗುತ್ತದೆ. ದಾಳಿಂಬೆಯ ಕಾಳು ತಿಂದದ್ದರಿಂದ ಮಗಳು ವರ್ಷದ ಮೂರನೆಯ ಒಂದು ಭಾಗ ಕೆಳಗಿರಬೇಕು, ಉಳಿದೆರಡು ಭಾಗ ತಾಯಿಯೊಂದಿಗೆ. ಪೂರ್ತಿ ಗೆಲುವಲ್ಲ, ಚೌಕಾಸಿ ಮಾಡಿ ಪಡೆದ ಪಾಲು. ಇದೇ ಡಿಮೀಟರಳ ಹೆಸರಿನಲ್ಲಿ ಶರತ್ಕಾಲದ ಬಿತ್ತನೆಯ ಹೊತ್ತಿಗೆ ಅಥೆನ್ಸಿನ ಮದುವೆಯಾದ ಹೆಂಗಸರು ಥೆಸ್ಮೊಫೋರಿಯಾ ಎಂಬ ಹಬ್ಬವನ್ನು ಮೂರು ದಿನ ಆಚರಿಸುತ್ತಿದ್ದರು. ಗಂಡಸರಿಗೆ ಪ್ರವೇಶವಿರಲಿಲ್ಲ, ನಡುವಿನ ದಿನ ಉಪವಾಸ. ಹರಕೆ ಏಕೆ ಒಪ್ಪಿಸಿದರು ಎಂದು ಕೇಳಿದಿರಿ. ಅವರು ಹೋಗಿದ್ದು ಹೇಡಿಸ್‌ನ ಗುಡಿಗಲ್ಲ, ಮಗಳನ್ನು ಕಳೆದುಕೊಂಡು ಲೋಕದ ಬೆಳೆಯನ್ನೇ ತಡೆದು ನಿಲ್ಲಿಸಿದವಳ ಬಳಿಗೆ.

ಉತ್ತರ: ತೆರೆಮರೆ

ಯಾರಿಗೂ ತಪ್ಪು ಅನ್ನಿಸಲಿಲ್ಲವೇ ಎಂಬುದಕ್ಕೆ ನೇರ ಉತ್ತರ ಗ್ರೀಕ್ ಕಾವ್ಯ ನಾಟಕಗಳಲ್ಲಿಯೇ ಇದೆ. ಅದೂ ಮೂಲೆಯಲ್ಲಿ ಅಡಗಿಕೊಂಡಿಲ್ಲ.

ಹೋಮರನ ಮಹಾಕಾವ್ಯ ಒಡಿಸ್ಸಿಯ ಐದನೆಯ ಸರ್ಗದಲ್ಲಿ ಒಡಿಸ್ಯೂಸನನ್ನು ಬಿಟ್ಟುಕೊಡಬೇಕೆಂಬ ಜ್ಯೂಸ್‌ನ ಆಜ್ಞೆಯನ್ನು ಹರ್ಮೀಸ್ ತಂದಾಗ ಅವನನ್ನು ತನ್ನ ಬಳಿ ಇಟ್ಟುಕೊಂಡಿದ್ದ ದೇವಿ ಕ್ಯಾಲಿಪ್ಸೊ ಸಿಡಿಯುತ್ತಾಳೆ. ದೇವಿಯೊಬ್ಬಳು ಮನುಷ್ಯನನ್ನು ಬಹಿರಂಗವಾಗಿ ಕೂಡಿದರೆ ನಿಮಗೆ ಹೊಟ್ಟೆಕಿಚ್ಚು ಎನ್ನುತ್ತಾಳೆ. ಉಷೆಯಾದ ಈಯೋಸ್ ಒರಾಯನ್‌ನನ್ನು ಬಯಸಿದಾಗ ಅವನು ಆರ್ಟೆಮಿಸಳ ಬಾಣಕ್ಕೆ ಬಲಿಯಾದ, ಉಳುಮೆಯ ನೆಲದಲ್ಲಿ ಡಿಮೀಟರ್ ಇಯಾಸಿಯನ್‌ನನ್ನು ಕೂಡಿದಾಗ ಜ್ಯೂಸ್ ಅವನಿಗೆ ಸಿಡಿಲು ಹೊಡೆದ ಎಂದು ಲೆಕ್ಕ ಒಪ್ಪಿಸುತ್ತಾಳೆ. ಅದೇ ಜ್ಯೂಸ್‌ನ ಪ್ರೇಮಪ್ರಸಂಗಗಳು ಕೇಳುಗರಿಗೆಲ್ಲ ಗೊತ್ತಿದ್ದವು, ಅವಳು ಅವನ್ನು ಎತ್ತಿ ಆಡಬೇಕಾಗಿಯೂ ಇರಲಿಲ್ಲ. ನ್ಯಾಯ ಕೇಳುವ ಕ್ಯಾಲಿಪ್ಸೊ ಏಳು ವರ್ಷ ಆ ಮನುಷ್ಯನನ್ನು ಅವನಿಗೆ ಇಷ್ಟವಿಲ್ಲದೆ ಇಟ್ಟುಕೊಂಡವಳು ಎಂಬುದನ್ನೂ ಹೋಮರ್ ಮರೆಸುವುದಿಲ್ಲ. ಒಪ್ಪಿಗೆಯಿಲ್ಲದ ಕೂಟ ಗಂಡು ದೇವರುಗಳ ಸೊತ್ತು ಮಾತ್ರವಾಗಿರಲಿಲ್ಲ.

ಇಲಿಯಡ್‌ನ ಮೂರನೆಯ ಸರ್ಗದಲ್ಲಿ ಗಂಡನನ್ನು ಬಿಟ್ಟು ಟ್ರಾಯ್‌ನ ರಾಜಕುಮಾರ ಪ್ಯಾರಿಸ್‌ನೊಂದಿಗೆ ಬಂದಿದ್ದ ಹೆಲೆನ್ ಇನ್ನೂ ಖಾರವಾಗಿ ಮಾತನಾಡುತ್ತಾಳೆ. ಯುದ್ಧದಿಂದ ಪಾರಾಗಿ ಬಂದು ಮಂಚದ ಮೇಲಿರುವ ಪ್ಯಾರಿಸ್‌ನ ಬಳಿಗೆ ಹೋಗೆಂದು ಅಫ್ರೊಡೈಟಿ ಕರೆದರೆ, ಅಷ್ಟು ಅಕ್ಕರೆಯಿದ್ದರೆ ನೀನೇ ಹೋಗಿ ಅವನ ಪಕ್ಕದಲ್ಲಿ ಕುಳಿತುಕೋ, ದೇವತೆಗಳ ದಾರಿ ಬಿಟ್ಟು ಅವನ ಹೆಂಡತಿಯಾಗುವೆಯೋ ದಾಸಿಯಾಗುವೆಯೋ ಆಗು ಎನ್ನುತ್ತಾಳೆ. ಅಫ್ರೊಡೈಟಿ ಕೆರಳಿ ಬೆದರಿಸುತ್ತಾಳೆ. ಹೆಲೆನ್ ಮುಸುಕು ಎಳೆದುಕೊಂಡು ಮಾತಿಲ್ಲದೆ ಹಿಂದೆ ನಡೆಯುತ್ತಾಳೆ. ಪ್ರೇಮದೇವತೆಯೆಂದರೆ ಏನೆಂದು ಈ ಹತ್ತಿಪ್ಪತ್ತು ಸಾಲು ಹೇಳುವಷ್ಟನ್ನು ಎಷ್ಟೋ ವ್ಯಾಖ್ಯಾನಗಳು ಹೇಳುವುದಿಲ್ಲ.

ಆದರೆ ನಿಮ್ಮ ಪ್ರಶ್ನೆಗೆ ಎದುರಾಬದುರಾಗಿ ನಿಲ್ಲುವ ಕೃತಿ ಯೂರಿಪಿಡೀಸ್‌ನ ‘ಅಯಾನ್’. ಅಥೆನ್ಸಿನ ರಾಜಕುಮಾರಿ ಕ್ರಿಯೂಸಾ ಕನ್ಯೆಯಾಗಿದ್ದಾಗ, ಮಡಿಲಲ್ಲಿ ಹಳದಿ ಹೂಗಳನ್ನು ತುಂಬಿಕೊಳ್ಳುತ್ತಿದ್ದಾಗ, ದೇವರು ಅಪೊಲೊ ಅವಳ ಮುಂಗೈ ಹಿಡಿದು ಅಥೆನ್ಸಿನ ಕೋಟೆಬೆಟ್ಟವಾದ ಆಕ್ರೊಪೊಲಿಸ್‌ನ ಉತ್ತರದ ಬಂಡೆಗಳ ಗುಹೆಗೆ ಎಳೆದೊಯ್ದ. ಅವಳು ಅಮ್ಮಾ ಎಂದು ಕೂಗಿದಳು. ಗುಟ್ಟಾಗಿ ಹೆತ್ತ ಕೂಸನ್ನು ಅದೇ ಗುಹೆಯಲ್ಲಿ ಬಿಟ್ಟಳು. ವರ್ಷಗಳ ನಂತರ ಗಂಡನೊಂದಿಗೆ ಸಂತಾನದ ವರ ಕೇಳಲು ಅದೇ ಅಪೊಲೊನ ಗುಡಿಯಿರುವ ಡೆಲ್ಫಿಗೆ ಬಂದಿದ್ದಾಳೆ. ತನಗಾದದ್ದನ್ನು ಗೆಳತಿಯೊಬ್ಬಳಿಗೆ ಆದದ್ದೆಂದು ಅವಳು ಹೇಳಿದಾಗ, ಗುಡಿಯನ್ನು ಗುಡಿಸಿ ನೀರು ಚಿಮುಕಿಸುವ ಹುಡುಗ ಅಯಾನ್ ಕೇಳಿ ಕಂಗಾಲಾಗುತ್ತಾನೆ. ಆಮೇಲೆ ಒಬ್ಬನೇ ನಿಂತು ದೇವರನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ: ನೀನೂ, ಪೊಸೈಡನ್ನೂ, ಜ್ಯೂಸೂ ಕೆಡಿಸಿದ ಹೆಣ್ಣುಗಳಿಗೆಲ್ಲ ಮನುಷ್ಯರ ನ್ಯಾಯದಂತೆ ದಂಡ ಕಟ್ಟಬೇಕಾಗಿ ಬಂದರೆ ನಿಮ್ಮ ಗುಡಿಗಳ ಬೊಕ್ಕಸವೇ ಬರಿದಾದೀತು, ಕಾನೂನು ಮಾಡುವವರು ನೀವು, ಮುರಿಯುವವರೂ ನೀವೇ ಆದರೆ ನಿಮ್ಮನ್ನು ನೋಡಿ ಕಲಿತ ಮನುಷ್ಯರನ್ನು ಬೈಯುವುದು ಯಾವ ನ್ಯಾಯ? ಇದು ಇಂದಿನ ಓದುಗರ ರೋಗವಲ್ಲ, ಕ್ರಿ.ಪೂ. 5ನೇ ಶತಮಾನದ ಅಥೆನ್ಸಿನಲ್ಲಿ, ಡಯೊನೈಸಸ್ ದೇವರ ಉತ್ಸವದ ನಾಟಕವೊಂದು ಆಡಿದ ಮಾತು. ದೇವರುಗಳಿಗೆ ಕಳ್ಳತನ, ಹಾದರ, ಮೋಸಗಳನ್ನೆಲ್ಲ ಅಂಟಿಸಿದವರು ಹೋಮರ್ ಮತ್ತು ಹೆಸಿಯಡ್ ಎಂದು ತತ್ತ್ವಜ್ಞಾನಿ ಕವಿ ಕ್ಸೆನೊಫನೀಸ್ ಅದಕ್ಕೂ ಹಿಂದೆಯೇ ಆಕ್ಷೇಪಿಸಿದ್ದ.

ಒಂದು ವಿವರ ನನಗೆ ಬಹಳ ಪ್ರಿಯ. ನಾಟಕದ ಕೊನೆಗೆ ಎಲ್ಲವನ್ನೂ ಬಗೆಹರಿಸಲು ಅಪೊಲೊ ಬರಬೇಕಿತ್ತು, ಬರುವುದು ಅಥೀನಾ. ಹಿಂದಿನದಕ್ಕೆ ಎದುರೆದುರೇ ನಿಂದೆ ಕೇಳಬೇಕಾದೀತೆಂದು ಅಪೊಲೊ ತಾನು ಬರದೆ ನನ್ನನ್ನು ಕಳಿಸಿದ ಎಂದು ಅವಳೇ ಹೇಳಿಬಿಡುತ್ತಾಳೆ. ದೇವರು ಮುಖ ತಪ್ಪಿಸಿಕೊಂಡ.

ಉತ್ತರ: ತಕರಾರುದಾರ

ತೆರೆಮರೆಯವರು ನಾಟಕವನ್ನು ಮುಕ್ಕಾಲು ಮಾತ್ರ ಹೇಳಿದ್ದಾರೆ. ಅಯಾನನೇ ಕ್ರಿಯೂಸಾ ಹೆತ್ತು ಬಿಟ್ಟಿದ್ದ ಕೂಸೆಂದು ಕೊನೆಗೆ ತಿಳಿಯುತ್ತದೆ. ಆಗ ಅದೇ ಅಥೀನಾ ಅವಳಿಗೆ ಏನು ಅಪ್ಪಣೆ ಮಾಡುತ್ತಾಳೆ? ಮಗು ನಿನ್ನದೆಂದು ಗಂಡನಿಗೆ ಹೇಳಬೇಡ, ಅವನು ಅಯಾನ್‌ನನ್ನು ತನ್ನ ಮಗನೆಂದೇ ನಂಬಿಕೊಂಡಿರಲಿ ಎಂದು. ಬಾಯಿ ಬಿಟ್ಟವಳಿಗೆ ಮತ್ತೆ ಬಾಯಿ ಮುಚ್ಚಿಕೊಳ್ಳುವ ತೀರ್ಪು. ಮಗ ಸಿಕ್ಕ ಸಂತೋಷದಲ್ಲಿ ಕ್ರಿಯೂಸಾ, ಹಿಂದೆ ಹಳಿದಿದ್ದ ಅಪೊಲೊನನ್ನು ಈಗ ಹೊಗಳುತ್ತೇನೆಂದು ಹೇಳಿ ಗುಡಿಯ ಬಾಗಿಲ ಹಿಡಿಯನ್ನು ಹಿಡಿದುಕೊಳ್ಳುತ್ತಾಳೆ. ಇದನ್ನು ಪ್ರತಿಭಟನೆಯ ನಾಟಕವೆಂದು ಕರೆಯುವ ಮುನ್ನ ಈ ಕೊನೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅದಕ್ಕಿಂತ ದೊಡ್ಡ ತಕರಾರು ಇದು. ಕ್ಯಾಲಿಪ್ಸೊ, ಹೆಲೆನ್, ಕ್ರಿಯೂಸಾ, ಒಮ್ಮೆ ಹೆರುವುದಕ್ಕಿಂತ ಮೂರು ಬಾರಿ ಗುರಾಣಿ ಹಿಡಿದು ಯುದ್ಧದಲ್ಲಿ ನಿಲ್ಲುವುದೇ ಮೇಲು ಎನ್ನುವ, ಯೂರಿಪಿಡೀಸನ ಇನ್ನೊಂದು ನಾಟಕದ ನಾಯಕಿ ಮೀಡಿಯಾ, ಇವರೆಲ್ಲರ ಮಾತನ್ನು ಬರೆದವರು ಗಂಡಸರು. ರಂಗದ ಮೇಲೆ ಆಡಿದವರೂ ಮುಖವಾಡ ತೊಟ್ಟ ಗಂಡಸರೇ. ನಿಜವಾದ ಅಥೆನ್ಸಿನ ಗೃಹಿಣಿಯ ಹೆಸರನ್ನು ನ್ಯಾಯಾಲಯದ ಭಾಷಣಗಳಲ್ಲಿ ಹೇಳುವುದನ್ನೇ ವಕ್ತಾರರು ಆದಷ್ಟು ತಪ್ಪಿಸುತ್ತಿದ್ದರು. ಇಂಥವನ ಹೆಂಡತಿ, ಇಂಥವನ ಮಗಳು ಎಂದರೆ ಅದೇ ಮರ್ಯಾದೆ. ಒಳ್ಳೆಯದಕ್ಕಾಗಲಿ ಕೆಟ್ಟದ್ದಕ್ಕಾಗಲಿ ಗಂಡಸರ ಬಾಯಲ್ಲಿ ಅತಿ ಕಡಿಮೆ ಬರುವುದೇ ಹೆಣ್ಣಿಗೆ ಕೀರ್ತಿ ಎಂದು ಥ್ಯುಸಿಡಿಡೀಸ್‌ನ ಇತಿಹಾಸದ ಬರಹದಲ್ಲಿ ಅಥೆನ್ಸಿನ ನಾಯಕ ಪೆರಿಕ್ಲೀಸ್ ಯುದ್ಧದಲ್ಲಿ ಸತ್ತವರ ವಿಧವೆಯರಿಗೆ ಹೇಳುತ್ತಾನೆ. ಇಂಥ ಊರಿನ ನಾಟಕದಿಂದ ಹೆಂಗಸರ ಮನಸ್ಸನ್ನು ನೇರವಾಗಿ ಓದಿಕೊಳ್ಳಲಾಗದು. ಯೂರಿಪಿಡೀಸ್ ಹೆಣ್ಣುಗಳನ್ನು ನಿಂದಿಸುತ್ತಾನೆಂದು ಹೆಂಗಸರೆಲ್ಲ ಸೇರಿ ಅವನ ವಿಚಾರಣೆ ನಡೆಸುವುದಾಗಿ ಅರಿಸ್ಟೊಫನೀಸ್ ಕ್ರಿ.ಪೂ. 411ರಲ್ಲಿ ಪ್ರಹಸನ ಬರೆದ. ಅವರು ಸೇರುವುದು ಎಲ್ಲಿ ಬಲ್ಲಿರಾ? ಸಂಜೆಗಡಲು ಹೇಳಿದ ಆ ಥೆಸ್ಮೊಫೋರಿಯಾ ಹಬ್ಬದಲ್ಲಿ. ಗಂಡಸರಿಗೆ ಪ್ರವೇಶವಿಲ್ಲದ ಜಾಗದಲ್ಲಿ ಏನು ನಡೆಯುತ್ತದೆಂಬ ಚಿತ್ರವನ್ನೂ ನಮಗೆ ಬರೆದುಕೊಟ್ಟವನು ಗಂಡಸೇ!

ಹೆಣ್ಣೇ ಹೇಳಿದ ಮಾತು ಬೇಕಾದರೆ ಅಥೆನ್ಸನ್ನು ಬಿಟ್ಟು ಕ್ರಿ.ಪೂ. 600ರ ಸುಮಾರಿನ ಲೆಸ್ಬಾಸ್ ದ್ವೀಪಕ್ಕೆ, ಸ್ಯಾಫೋಳ ಬಳಿಗೆ ಹೋಗಬೇಕು. ಅಫ್ರೊಡೈಟಿಯನ್ನು ಕರೆಯುವ ಅವಳ ಕವಿತೆ ಪೂರ್ತಿಯಾಗಿ ಉಳಿದಿದೆ. ದೇವಿ ಗುಬ್ಬಿಗಳು ಎಳೆಯುವ ರಥದಲ್ಲಿ ಇಳಿದು ಬಂದು, ನಗುತ್ತ, ಈಗ ಮತ್ತೆ ಯಾರಿಂದ ನಿನಗೆ ಅನ್ಯಾಯವಾಯಿತು ಸ್ಯಾಫೋ ಎಂದು ಸಲಿಗೆಯಿಂದ ವಿಚಾರಿಸುತ್ತಾಳೆ. ಹೆಲೆನ್ ಕಂಡ ಬೆದರಿಸುವ ಒಡತಿಯೆಲ್ಲಿ, ಜೊತೆಗೆ ಹೋರಾಡುವ ಈ ಗೆಳತಿಯೆಲ್ಲಿ! ಇನ್ನೊಂದು ಕವಿತೆಯಲ್ಲಿ, ಕುದುರೆಪಡೆ, ಕಾಲಾಳು, ಹಡಗುಗಳೇ ಲೋಕದಲ್ಲಿ ಚೆಲುವೆಂದು ಯಾರಾದರೂ ಹೇಳಲಿ, ನನಗೆ ಚೆಲುವೆಂದರೆ ಒಬ್ಬರು ಮೋಹಿಸಿದ್ದು ಯಾವುದೋ ಅದು ಎಂದು ಹೇಳಿ, ಗಂಡನನ್ನೂ ಮಗಳನ್ನೂ ಬಿಟ್ಟು ಹಡಗು ಹತ್ತಿದ ಹೆಲೆನಳನ್ನು ಅದಕ್ಕೆ ಉದಾಹರಣೆ ಕೊಡುತ್ತಾಳೆ, ಬಯ್ಗುಳವಿಲ್ಲ. ಆದರೂ ನನ್ನ ತಕರಾರು ಇಲ್ಲಿಗೂ ಬರುತ್ತದೆ. ಆ ಪ್ರಾರ್ಥನೆಯಲ್ಲಿ ಅಫ್ರೊಡೈಟಿ ಕೊಡುವ ಭರವಸೆ ಏನು? ಓಡಿಹೋಗುತ್ತಿರುವವಳು ಬೇಗನೆ ಬೆನ್ನು ಹತ್ತುವಳು, ಇಷ್ಟವಿಲ್ಲದಿದ್ದರೂ ಪ್ರೀತಿಸುವಳು ಎಂದು. ಇಷ್ಟವಿಲ್ಲದಿದ್ದರೂ! ಈರೋಸ್ ಎಂದರೆ ಒಪ್ಪಿಗೆ ಕೇಳದ ಶಕ್ತಿ ಎಂಬುದು ಹೆಣ್ಣಿನ ಬಾಯಲ್ಲೂ ಬದಲಾಗಲಿಲ್ಲ. ಬದಲಾದದ್ದು ಆ ಶಕ್ತಿಯನ್ನು ಯಾರು ಯಾರಿಗಾಗಿ ಕರೆಯುತ್ತಾರೆ ಎಂಬುದಷ್ಟೇ.

ಉತ್ತರ: ಸಂಜೆಗಡಲು

ಸಾಹಿತ್ಯ ಗಂಡಸರದೇ ಎಂಬುದನ್ನು ಒಪ್ಪಿದರೂ ಪೂಜೆಯ ಲೋಕವನ್ನು ಮರೆಯಬಾರದು. ಕ್ರಿ.ಪೂ. 508ರಲ್ಲಿ ಸ್ಪಾರ್ಟಾದ ದೊರೆ ಕ್ಲಿಯೊಮಿನೀಸ್ ಸೈನ್ಯದೊಂದಿಗೆ ಆಕ್ರೊಪೊಲಿಸ್ ಏರಿ ಅಥೀನಾಳ ಗರ್ಭಗುಡಿಗೆ ಹೋಗಹೊರಟಾಗ, ಅಲ್ಲಿನ ಪೂಜಾರಿಣಿ ಆಸನದಿಂದ ಎದ್ದು, ಸ್ಪಾರ್ಟಾದ ಪರದೇಶಿಯೇ, ಹಿಂದಕ್ಕೆ ಹೋಗು, ಡೋರಿಯನ್ ಕುಲದವರಿಗೆ ಇಲ್ಲಿ ಪ್ರವೇಶವಿಲ್ಲ ಎಂದಳೆಂದು ಇತಿಹಾಸಕಾರ ಹೆರೊಡೊಟಸ್ ಬರೆಯುತ್ತಾನೆ. ನಾನು ಡೋರಿಯನ್ ಅಲ್ಲ, ಅಕೀಯನ್ ಎಂದು ಅವನು ವಂಶದ ನೆಪ ಹೇಳಬೇಕಾಯಿತು. ಅದೇ ಸ್ಥಾನದಲ್ಲಿ ಮುಂದೆ ಲೈಸಿಮಾಕಿ ಎಂಬವಳು 64 ವರ್ಷ ಇದ್ದಳು. ಅವಳ ಹೆಸರನ್ನು ಯಾರೂ ಮರೆಮಾಚಲಿಲ್ಲ, ಅವಳ ಪ್ರತಿಮೆಯನ್ನೇ ಮಾಡಿಸಿದರು. ಮತ ಹಾಕಲಾಗದ, ಆಸ್ತಿ ಮಾರಲಾಗದ ಹೆಣ್ಣಿಗೆ ಊರಿನ ಮುಖ್ಯ ದೇವತೆಯ ಬಾಗಿಲನ್ನು ಕಾಯುವ ಅಧಿಕಾರವಿತ್ತು.

ಪ್ರಶ್ನೆ ಕೇಳಿದವರಿಂದ: ಕುತೂಹಲಿ

ಇಷ್ಟು ವಿಸ್ತಾರವಾದ ಉತ್ತರಗಳನ್ನು ನಿರೀಕ್ಷಿಸಿರಲಿಲ್ಲ; ಎಲ್ಲರಿಗೂ ಕೃತಜ್ಞತೆಗಳು. ಓದುತ್ತ ಹೋದಂತೆ ಒಂದು ಸಂಗತಿ ಕಣ್ಣಿಗೆ ಬಿತ್ತು: ಮೆಡೂಸಾ, ಪರ್ಸೆಫೊನಿ, ಕ್ರಿಯೂಸಾ, ಮೂವರ ಕಥೆಯಲ್ಲೂ ಹೂಗಳಿವೆ. ಇದು ಕಾಕತಾಳೀಯವೇ? ಹಾಗೆಯೇ, ಈರೋಸ್ ಬಿಟ್ಟು ಆ ‘ಫಿಲಿಯಾ’ ಗಂಡ ಹೆಂಡಿರ ನಡುವೆ ಎಲ್ಲಿಯಾದರೂ ಕಾಣುತ್ತದೆಯೇ?

ಉತ್ತರ: ಹಳೆಯ ಓಲೆ

ಎರಡನೆಯದಕ್ಕೆ ಮೊದಲು. ಒಡಿಸ್ಸಿಯ ಆರನೆಯ ಸರ್ಗದಲ್ಲಿ ಕಡಲು ದಡಕ್ಕೆ ಎಸೆದ ಒಡಿಸ್ಯೂಸ್ ಮದುವೆಯ ವಯಸ್ಸಿನ ರಾಜಕುಮಾರಿ ನೌಸಿಕಾಳಿಗೆ ಒಂದು ಹಾರೈಕೆ ಹೇಳುತ್ತಾನೆ: ಗಂಡ ಹೆಂಡತಿ ಒಂದೇ ಮನಸ್ಸಿನಿಂದ ಮನೆ ನಡೆಸುವುದಕ್ಕಿಂತ ಮೇಲಾದದ್ದು ಬೇರೊಂದಿಲ್ಲ, ಹಗೆಗಳಿಗೆ ಅದು ಉರಿ, ಹಿತೈಷಿಗಳಿಗೆ ಹಿಗ್ಗು. ಆ ಕಾವ್ಯದ ಕೊನೆಗೆ ಅವನ ಹೆಂಡತಿ ಪೆನೆಲೊಪಿ ಅದನ್ನು ಪರೀಕ್ಷೆಗೆ ಒಡ್ಡುತ್ತಾಳೆ. ಇಪ್ಪತ್ತು ವರ್ಷದ ಮೇಲೆ ಬಂದವನು ತನ್ನ ಗಂಡನೇ ಎಂದು ನಂಬದೆ, ಮಂಚವನ್ನು ಹೊರಗೆ ತಂದು ಹಾಸಿ ಎಂದು ದಾಸಿಗೆ ಹೇಳುತ್ತಾಳೆ. ಬೇರೂರಿದ ಆಲಿವ್ ಮರದ ಬೊಡ್ಡೆಯನ್ನೇ ಕಾಲಾಗಿ ಕಡೆದು ತಾನು ಮಾಡಿದ ಮಂಚವನ್ನು ಯಾರು ಕಿತ್ತರು ಎಂದು ಒಡಿಸ್ಯೂಸ್ ಸಿಟ್ಟಾದಾಗ ಅವಳ ಮೊಣಕಾಲು ಸಡಿಲುತ್ತದೆ. ವಂಚನೆಯಲ್ಲಿ ಹೆಸರಾದ ಗಂಡನನ್ನು ಅವನ ವಿದ್ಯೆಯಿಂದಲೇ ಗೆದ್ದ ಹೆಂಡತಿ ಅವಳು. ನಾನು ಕಂಡಂತೆ ಗ್ರೀಕ್ ಕಾವ್ಯದಲ್ಲಿ ಪ್ರೇಮ ಎಂದು ಧೈರ್ಯವಾಗಿ ಕರೆಯಬಹುದಾದ ದೃಶ್ಯ ಇದು, ಮತ್ತು ಮಂಚದ ಆ ಪರೀಕ್ಷೆಯಲ್ಲಿ ಯಾವ ದೇವರ ಕೈವಾಡವೂ ಇಲ್ಲ.

ಹೂಗಳು ಕಾಕತಾಳೀಯವಲ್ಲ. ಹುಲ್ಲುಗಾವಲಿನಲ್ಲಿ ಹೂ ಕೊಯ್ಯುವ ಹುಡುಗಿಯೆಂದರೆ ಮದುವೆಗೆ ಬಂದ ಹುಡುಗಿ ಎಂದು ಗ್ರೀಕ್ ಕೇಳುಗರಿಗೆ ತಕ್ಷಣ ತಿಳಿಯುತ್ತಿತ್ತು. ಅವಳನ್ನೂ ಯಾರೋ ಕೊಯ್ಯಲಿದ್ದಾರೆಂಬುದೂ ತಿಳಿಯುತ್ತಿತ್ತು. ಯೂರೋಪಾ ಕೂಡ ಹೂಗಳ ನಡುವೆ ಇದ್ದಾಗಲೇ ಗೂಳಿಯನ್ನು ಕಂಡದ್ದು. ಮದುವೆಯಾಗದೆ ಸತ್ತ ಹುಡುಗಿ ಹೇಡಿಸ್‌ನನ್ನೇ ಮದುವೆಯಾದಳೆಂಬ ಮಾತೂ ಗೋಳಿನ ಹಾಡು ನಾಟಕಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಪರ್ಸೆಫೊನಿಯ ಇನ್ನೊಂದು ಹೆಸರೇ ‘ಕೊರೇ’, ಅಂದರೆ ಕನ್ಯೆ.

1972ರಲ್ಲಿ ಅಥೆನ್ಸಿನ ಸುತ್ತಲಿನ ಪ್ರದೇಶವಾದ ಅಟಿಕಾದ ಮೆರೆಂಡಾ ಎಂಬಲ್ಲಿ ನೆಲ ಅಗೆದಾಗ ಫ್ರಾಸಿಕ್ಲಿಯಾ ಎಂಬ ಹುಡುಗಿಯ ಗೋರಿಯ ಮೇಲೆ ನಿಲ್ಲಿಸಿದ್ದ ಅಮೃತಶಿಲೆಯ ಪ್ರತಿಮೆ ಸಿಕ್ಕಿತು, ಕ್ರಿ.ಪೂ. 6ನೇ ಶತಮಾನದ ನಡುವಿನದು, ಈಗ ಅಥೆನ್ಸಿನ ರಾಷ್ಟ್ರೀಯ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿದೆ. ಅದರ ಪೀಠ ಬಹಳ ಮೊದಲೇ ಅಲ್ಲಿನ ಚರ್ಚೊಂದರ ಕಟ್ಟಡದಲ್ಲಿ ಸೇರಿಹೋಗಿತ್ತು. ಪೀಠದ ಮೇಲೆ ಅವಳೇ ಮಾತನಾಡುವಂತೆ ಕೆತ್ತಿದ್ದಾರೆ: ನಾನು ಎಂದೆಂದಿಗೂ ಕೊರೇ ಎಂದೇ ಕರೆಸಿಕೊಳ್ಳುವೆ, ಮದುವೆಗೆ ಬದಲಾಗಿ ದೇವರುಗಳು ನನಗೆ ಕೊಟ್ಟದ್ದು ಈ ಹೆಸರನ್ನು. ತಲೆಯ ಮೇಲೆ ಹೂವು ಮೊಗ್ಗುಗಳ ಕಿರೀಟವಿದೆ. ಎದೆಯ ಹತ್ತಿರ ಹಿಡಿದ ಕೈಯಲ್ಲಿ ಅರಳದ ಕಮಲದ ಮೊಗ್ಗು.